ಕಾರಿನೊಳಗಿನ ಹೆಲ್ಮೆಟ್ ಬೇರೆ

ಪ್ರಶ್ನೆ: ನಾನು ಬದಿಯಡ್ಕದ ಸಮೀಪ ಅಡಿಕೆ ಕೃಷಿ ಮಾಡಿಕೊಂಡಿರುವವನು, ವಯಸ್ಸು 38. ಈ ಸಲ ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಇಬ್ಬರು ಗೆಳೆಯರೊಂದಿಗೆ ಕೊಯಂಬತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ, ನನ್ನದೇ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಬೇಕೆಂದಿದ್ದೇನೆ. ಸ್ಪರ್ಧೆಗಾಗಿ ಅಲ್ಲ, ಹವ್ಯಾಸಕ್ಕಾಗಿ. ಹೆಲ್ಮೆಟ್ ಕಡ್ಡಾಯವಂತೆ. ನನ್ನಲ್ಲಿ ಬೈಕಿನ ಐಎಸ್‌ಐ ಮುದ್ರೆಯ ಒಳ್ಳೆಯ ಹೆಲ್ಮೆಟ್ ಇದೆ, ಅದು ಸಾಲದೇ? ಅಂಗಡಿಯವರೊಬ್ಬರು ಕಾರಿಗೆ ‘ಎಸ್‌ಎ’ ಎಂಬ ಬೇರೆಯೇ ಹೆಲ್ಮೆಟ್ ಬೇಕೆಂದರು. ಇನ್ನೊಬ್ಬರು ಅದರ ಜೊತೆಗೆ ‘ಹ್ಯಾನ್ಸ್’ ಕೂಡ ಕೊಳ್ಳಿ ಎಂದರು. ನಾನು ಕನ್ನಡಕ ಧರಿಸುತ್ತೇನೆ ಎಂಬುದನ್ನೂ ಗಮನಿಸಿ ಉತ್ತರಿಸಬೇಕಾಗಿ ವಿನಂತಿ.

ಉತ್ತರ: ಬೈಕಿನ ಹೆಲ್ಮೆಟ್ ಸಾಲದು. ಏಕೆ ಸಾಲದು ಎಂಬುದು ಮನಸ್ಸಿಗೆ ಬಂದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಗೆಹರಿಯುತ್ತವೆ, ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಯಾವ ಹೆಲ್ಮೆಟನ್ನು ಆರಿಸುವಾಗಲೂ, ಅವಘಡ ಸಂಭವಿಸಿದರೆ ತಲೆ ಯಾವುದಕ್ಕೆ ಬಡಿದೀತು ಎಂದು ಮೊದಲು ಕೇಳಿಕೊಳ್ಳಬೇಕು. ಬೈಕಿನವನು ವಾಹನದಿಂದ ಎಸೆಯಲ್ಪಟ್ಟು ರಸ್ತೆಗೋ ಅದರ ಅಂಚುಕಟ್ಟೆಗೋ ಬಡಿಯುತ್ತಾನೆ, ಬಳಿಕ ಜಾರುತ್ತಾನೆ. ಐಎಸ್‌ಐ ಮುದ್ರೆಗೆ ಆಧಾರವಾದ ನಮ್ಮ ಐಎಸ್ 4151 ಸೇರಿದಂತೆ ದ್ವಿಚಕ್ರ ವಾಹನದ ಹೆಲ್ಮೆಟ್ ಮಾನದಂಡಗಳು ಆ ಬಗೆಯ ಪೆಟ್ಟನ್ನು ಎದುರಿಟ್ಟುಕೊಂಡು ರೂಪುಗೊಂಡವು. ಕಾರಿನವನ ಪಾಡು ಬೇರೆ. ಅವನು ಬೆಲ್ಟಿನಲ್ಲಿ ಬಿಗಿದುಕೊಂಡು ಕುಳಿತಲ್ಲೇ ಇರುತ್ತಾನೆ, ತಲೆ ಮಾತ್ರ ಅತ್ತಿತ್ತ ಬೀಸಿಹೋಗಿ ಬಾಗಿಲ ಪಕ್ಕದ ಕಂಬಕ್ಕೋ, ಮಾಡಿನ ಅಂಚಿಗೋ, ರೇಸಿಗೆಂದು ಸಜ್ಜಾದ ಕಾರಾದರೆ ಮಾಡು ಕುಸಿಯದಂತೆ ಕಾಯುವ ಒಳಗಿನ ಉಕ್ಕಿನ ಪಂಜರವಾದ ರೋಲ್ ಕೇಜಿನ ಕೊಳವೆಗೋ ಬಡಿಯುತ್ತದೆ. ಕಾರು ಮಗುಚಿದರೆ ಅದೇ ಜಾಗಕ್ಕೆ ಎರಡನೆಯ ಸಲ, ಮೂರನೆಯ ಸಲವೂ ಬಡಿಯಬಹುದು. ಇದರ ಮೇಲೆ ಬೆಂಕಿಯ ಭಯವಿದೆ. ಬೈಕಿನವನು ಉರಿಯುವ ವಾಹನದಿಂದ ದೂರ ಬಿದ್ದಿರುತ್ತಾನೆ, ಕಾರಿನವನು ಬೆಲ್ಟು ಬಿಚ್ಚಿ ಹೊರಬರುವವರೆಗೆ ಅದರೊಳಗೇ ಇರಬೇಕು.

ಅಂಗಡಿಯವರು ಹೇಳಿದ ‘ಎಸ್‌ಎ’ ಎಂಬುದು ಅಮೆರಿಕದ ಸ್ನೆಲ್ ಪ್ರತಿಷ್ಠಾನದ ಮಾನದಂಡ. ನಿಮ್ಮಂತೆಯೇ ಹವ್ಯಾಸಕ್ಕಾಗಿ ಕಾರು ಓಡಿಸುತ್ತಿದ್ದ ಪೀಟ್ ಸ್ನೆಲ್ ಎಂಬವರು 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರ ತಲೆಯ ಮೇಲೆ ಅಂದಿನ ಕಾಲದ ಹೆಲ್ಮೆಟ್ ಇತ್ತು, ಆದರೆ ಅದು ಕಾಯಲಿಲ್ಲ. ಅವರ ನೆನಪಿನಲ್ಲಿ 1957ರಲ್ಲಿ ಹುಟ್ಟಿಕೊಂಡ ಸಂಸ್ಥೆ ಇದು. ಬೈಕಿಗೆ ‘ಎಂ’, ಪುಟ್ಟ ತೆರೆದ ಬಂಡಿಗಳ ರೇಸಾದ ಕಾರ್ಟಿಂಗಿಗೆ ‘ಕೆ’, ಕಾರು ರೇಸಿಗೆ ‘ಎಸ್‌ಎ’ ಎಂದು ಅದು ಬೇರೆ ಬೇರೆ ಮಾನದಂಡಗಳನ್ನು ಇಟ್ಟಿದೆ. ಎಸ್‌ಎ ಮುದ್ರೆ ಬೇಕಿದ್ದರೆ ಹೆಲ್ಮೆಟ್ಟು ರೋಲ್ ಕೇಜಿನ ಕೊಳವೆಯಂತಹ ಕಬ್ಬಿಣದ ಮೇಲೆ ಮತ್ತೆ ಮತ್ತೆ ಬಡಿಸಿಕೊಂಡು ತಾಳಿಕೊಳ್ಳಬೇಕು, ಉರಿಗೆ ಹಿಡಿದು ತೆಗೆದಾಗ ತಾನಾಗಿ ಆರಿಹೋಗಬೇಕು. ಬೆಂಕಿಯ ಪರೀಕ್ಷೆ ಎಂ, ಕೆ ಎರಡರಲ್ಲಿಯೂ ಇಲ್ಲ. ಕೊಳವೆಯ ಪರೀಕ್ಷೆ ಕೆ ಮಾನದಂಡದಲ್ಲಿ ಇದೆ, ಎಂ ಮಾನದಂಡದಲ್ಲಿ ಇಲ್ಲ.

ಹಾಗೆಂದು ಎಸ್‌ಎ ಹೆಲ್ಮೆಟನ್ನು ಬೈಕಿಗೂ ಬಳಸಿ ಹಣ ಉಳಿಸೋಣ ಎಂದುಕೊಳ್ಳಬೇಡಿ. ಕಾರಿನವನಿಗೆ ಅಕ್ಕಪಕ್ಕದ ನೋಟ ಕಡಿಮೆ ಸಾಕೆಂದು ಅದರ ಕಣ್ಣಿನ ಕಿಂಡಿಯನ್ನು ಕಿರಿದಾಗಿಡಲು ಅವಕಾಶ ಕೊಟ್ಟಿದ್ದಾರೆ. ಕಾಸರಗೋಡು ಪೇಟೆಯಲ್ಲಿ ಬೈಕು ಓಡಿಸುವವರಿಗೆ ಆ ನೋಟ ಎಷ್ಟು ಬೇಕೆಂದು ನಾನು ಹೇಳಬೇಕಾಗಿಲ್ಲ. ಅದಲ್ಲದೆ 2021ರ ಜೂನ್‌ನಿಂದ ನಮ್ಮ ದೇಶದಲ್ಲಿ ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಎರಡು ಕೆಲಸಕ್ಕೆ ಎರಡು ಹೆಲ್ಮೆಟ್, ಬೇರೆ ದಾರಿ ಇಲ್ಲ.

ಮುದ್ರೆಯಲ್ಲಿ ಅಕ್ಷರದಷ್ಟೇ ಇಸವಿಯೂ ಮುಖ್ಯ. ಎಸ್‌ಎ ಮಾನದಂಡ ಐದು ವರ್ಷಕ್ಕೊಮ್ಮೆ ಹೊಸತಾಗುತ್ತದೆ: 2015, 2020, 2025. ಟ್ರ್ಯಾಕಿನವರು ಸಾಮಾನ್ಯವಾಗಿ ಚಾಲ್ತಿಯದನ್ನೂ ಅದರ ಹಿಂದಿನದನ್ನೂ ಒಪ್ಪುತ್ತಾರೆ, ಅದಕ್ಕೂ ಹಿಂದಿನದರ ವಿಷಯ ಅವರವರ ನಿಯಮದಂತೆ. ಈಗ ಹೊಸತನ್ನು ಕೊಳ್ಳುವವರು 2020ಕ್ಕಿಂತ ಹಳೆಯದಕ್ಕೆ ಹಣ ಕೊಡುವುದು ಸರಿಯಲ್ಲ. ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟವಾದ ಎಫ್‌ಐಎಯ 8859 ಮತ್ತು 8860 ಎಂಬ ಮಾನದಂಡಗಳ ಹೆಲ್ಮೆಟ್ಟುಗಳೂ ಕಾರಿಗೆ ತಕ್ಕವೇ. ಎರಡನೆಯದು ಫಾರ್ಮುಲಾ ಒನ್ ಮಟ್ಟದ್ದು, ಹವ್ಯಾಸಿಗೆ ಅಷ್ಟು ಬೇಕಾಗಿಲ್ಲ. ಟ್ರ್ಯಾಕ್ ದಿನವನ್ನು ಏರ್ಪಡಿಸುವವರಿಗೆ ಫೋನ್ ಮಾಡಿ, ಯಾವ ಮುದ್ರೆ, ಯಾವ ಇಸವಿ ಎಂದು ಕೇಳಿ ಬರೆದಿಟ್ಟುಕೊಂಡ ಮೇಲೆಯೇ ಅಂಗಡಿಗೆ ಹೋಗಿ. ಬೈಕಿನ ಹೆಲ್ಮೆಟನ್ನೂ ಬಿಡುತ್ತೇವೆ ಎಂದು ಕೆಲವರು ಹೇಳಬಹುದು, ಆದರೆ ಅದು ಒಳಗೆ ಹೋಗಲು ಸಿಗುವ ಅನುಮತಿ ಮಾತ್ರ. ಮುಂದೆ ಸ್ಪರ್ಧೆಗೆ ಇಳಿಯುವ ಆಸೆ ಹುಟ್ಟಿದರೆ ಭಾರತೀಯ ಮೋಟಾರ್ ಕ್ರೀಡಾ ಒಕ್ಕೂಟದ, ಅಂದರೆ ಎಫ್‌ಎಂಎಸ್‌ಸಿಐಯ ನಿಯಮಾವಳಿಯನ್ನು ಓದಬೇಕಾಗುತ್ತದೆ.

ಸ್ನೆಲ್ ಚೀಟಿ ಹೆಲ್ಮೆಟ್ಟಿನ ಒಳಗೆ, ಮೆತ್ತೆಯ ಅಡಿಯಲ್ಲಿ ಇರುತ್ತದೆ, ಅದರಲ್ಲಿ ಕ್ರಮಸಂಖ್ಯೆಯೂ ಇರುತ್ತದೆ. ಹೊರಗೆ ಹಿಂಬದಿಯಲ್ಲಿ ಅಂಟಿಸಿದ ಸ್ಟಿಕ್ಕರನ್ನು ಮಾತ್ರ ನಂಬಬೇಡಿ, ಅಂಥದನ್ನು ಯಾರೂ ಅಚ್ಚು ಹಾಕಿಸಬಹುದು. ಮಾನ್ಯತೆ ಪಡೆದ ಮಾದರಿಗಳ ಪಟ್ಟಿಯನ್ನು ಪ್ರತಿಷ್ಠಾನವೇ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ.

ಇನ್ನು ಅಳತೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾನೇ ಇದರಲ್ಲಿ ಎಡವಿದ್ದೇನೆ. ನನ್ನ ಮೊದಲ ಹೆಲ್ಮೆಟನ್ನು ಅಂಗಡಿಯಲ್ಲಿ ಎರಡು ನಿಮಿಷ ತಲೆಗಿಟ್ಟು, ‘ಆಹಾ, ಎಷ್ಟು ಹಾಯಾಗಿದೆ’ ಎಂದು ಕೊಂಡುತಂದೆ. ಟ್ರ್ಯಾಕಿನ ಮೊದಲ ಜೋರು ಬ್ರೇಕಿಗೆ ಅದು ಮುಂದೆ ಜಾರಿ ಹುಬ್ಬನ್ನು ಮುಚ್ಚಿತು, ತಿರುವು ಎಲ್ಲಿದೆ ಎಂದು ಗಲ್ಲ ಎತ್ತಿ ನೋಡಬೇಕಾಯಿತು. ಅಂಗಡಿಯಲ್ಲಿ ಹಾಯೆನಿಸುವ ಹೆಲ್ಮೆಟ್ ಹೆಚ್ಚಾಗಿ ಒಂದು ಅಳತೆ ದೊಡ್ಡದು. ಒಳಗಿನ ಮೆತ್ತೆ ಬಳಸುತ್ತ ಇನ್ನಷ್ಟು ಅಮರುತ್ತದೆಯೇ ಹೊರತು ಉಬ್ಬುವುದಿಲ್ಲ.

ಹುಬ್ಬಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೆ, ಕಿವಿಗಳ ಮೇಲ್ಗಡೆಯಿಂದ ಹಾದು ಹಿಂದಲೆಯ ಅತಿ ಉಬ್ಬಿದ ಭಾಗವನ್ನು ಬಳಸಿಬರುವಂತೆ ಟೇಪು ಸುತ್ತಿ ಅಳೆಯಿರಿ. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಹಿಡಿಯಿರಿ. 57–58 ಸೆಂಟಿಮೀಟರ್ ಒಂದು ಕಂಪನಿಗೆ ‘ಮೀಡಿಯಂ’ ಆದರೆ ಇನ್ನೊಂದಕ್ಕೆ ಆಗದೆ ಇರಬಹುದು, ಆದ್ದರಿಂದ ಆಯಾ ಕಂಪನಿಯ ಪಟ್ಟಿಯನ್ನೇ ನೋಡಬೇಕು. ಅಂಕಿ ಒಂದೇ ಆದರೂ ತಲೆಯ ಆಕಾರ ಒಂದೇ ಆಗಿರುವುದಿಲ್ಲ, ಕೆಲವರದು ದುಂಡು, ಕೆಲವರದು ಹಿಂದುಮುಂದಾಗಿ ಉದ್ದ. ನಮ್ಮಲ್ಲಿ ಹಾಳೆಯ ಮುಟ್ಟಾಳೆ ಕಟ್ಟುತ್ತಿದ್ದ ಹಿರಿಯರು ಇಡುವವನ ತಲೆಯನ್ನು ನೋಡಿಯೇ ಹಾಳೆ ಮಡಚುತ್ತಿದ್ದರು. ಅಣ್ಣನ ಮುಟ್ಟಾಳೆ ತಮ್ಮನ ತಲೆಯಲ್ಲಿ ಕೂರುತ್ತಿರಲಿಲ್ಲ. ಅರಾಯ್, ಬೆಲ್, ಸ್ಟಿಲೋ, ಸ್ಪಾರ್ಕೊ ಎಂದು ಹೆಸರು ಹಿಡಿದು ಹೋಗುವ ಬದಲು ನಿಮ್ಮ ತಲೆಗೆ ಯಾವುದರ ಅಚ್ಚು ಹೊಂದುತ್ತದೆ ಎಂದು ನೋಡುವುದೇ ಲೇಸು.

ಪಟ್ಟಿ ಬಿಗಿದ ಮೇಲೆ ಹೆಲ್ಮೆಟನ್ನು ಎರಡೂ ಕೈಗಳಿಂದ ಹಿಡಿದು ಎಡಬಲಕ್ಕೆ ತಿರುಗಿಸಿ. ಕೆನ್ನೆಯ ಚರ್ಮವೂ ಹಣೆಯ ಚರ್ಮವೂ ಅದರೊಂದಿಗೇ ಎಳೆಯಲ್ಪಡಬೇಕು, ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದು. ಬಳಿಕ ಹಿಂಬದಿಯ ಕೆಳಅಂಚನ್ನು ಹಿಡಿದು ಮುಂದಕ್ಕೆ ಮಗುಚಲು ಗೆಳೆಯರಿಗೆ ಹೇಳಿ. ತಲೆಯಿಂದ ಕಳಚಿ ಬರುವಂತಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಇಷ್ಟರಲ್ಲಿ ಗೆದ್ದರೆ ಅರ್ಧ ಗಂಟೆ ತಲೆಯಲ್ಲಿಟ್ಟುಕೊಂಡು ಅಂಗಡಿಯಲ್ಲೇ ಕುಳಿತಿರಿ. ಅಂಗಡಿಯವರ ಮುಖ ಸಣ್ಣದಾಗಬಹುದು, ಆಗಲಿ. ತೆಗೆದ ಮೇಲೆ ಹಣೆಯ ಒಂದೇ ಬಿಂದುವಿನಲ್ಲಿ ಕೆಂಪು ಕಲೆಯೂ ನೋವೂ ಇದ್ದರೆ ಆ ಅಚ್ಚು ನಿಮ್ಮದಲ್ಲ. ಹಣೆಯ ಸುತ್ತ ಸಮವಾಗಿ ಒತ್ತಿದ ಗುರುತಿದ್ದರೆ ಚಿಂತೆಯಿಲ್ಲ.

ಕನ್ನಡಕವನ್ನು ಹೆಲ್ಮೆಟ್ ಧರಿಸಿದ ಮೇಲೆ ಕಿಂಡಿಯಿಂದ ಒಳಗೆ ಸರಿಸಬೇಕಾಗುತ್ತದೆ. ಅಂಗಡಿಗೆ ಹೋಗುವಾಗ ಟ್ರ್ಯಾಕಿನಲ್ಲಿ ಧರಿಸುವ ಕನ್ನಡಕವನ್ನೇ ಒಯ್ಯಿರಿ, ಅದರ ಕಡ್ಡಿ ನೇರವಾಗಿದ್ದಷ್ಟು ಸುಲಭ. ಮುಖ ತೆರೆದ ಹೆಲ್ಮೆಟ್ಟು ಕನ್ನಡಕಕ್ಕೆ ಅನುಕೂಲವೆಂಬುದು ನಿಜ, ಮಾಡುಳ್ಳ ಕಾರಿನಲ್ಲಿ ಕೆಲವೆಡೆ ಅದಕ್ಕೆ ಅನುಮತಿಯೂ ಇದೆ. ಆದರೂ ಗಲ್ಲ ಮುಚ್ಚುವ ಹೆಲ್ಮೆಟ್ಟೇ ನನ್ನ ಆಯ್ಕೆ. 2009ರಲ್ಲಿ ಹಂಗೆರಿಯ ಟ್ರ್ಯಾಕಿನಲ್ಲಿ ಮುಂದಿನ ಕಾರಿನಿಂದ ಕಳಚಿದ ಸ್ಪ್ರಿಂಗೊಂದು ಫಾರ್ಮುಲಾ ಒನ್ ಚಾಲಕ ಫೆಲಿಪೆ ಮಾಸಾ ಅವರ ಹೆಲ್ಮೆಟ್ಟಿಗೆ, ಎಡಗಣ್ಣಿನ ಮೇಲ್ಗಡೆ ಬಡಿದದ್ದು ನಿಮಗೆ ನೆನಪಿರಬಹುದು. ಅವರದು ಮಾಡಿಲ್ಲದ ಕಾರು, ನಿಮ್ಮ ಮುಂದೆ ಗಾಜಿದೆ. ಆದರೆ ನಿಮ್ಮ ಮುಂದೆ ಸ್ಟಿಯರಿಂಗ್ ಚಕ್ರವೂ ಇದೆ.

ಇನ್ನೊಂದು ಮಾತು, ಕೊಳ್ಳುವ ಮುನ್ನ ನಿಮ್ಮ ಅಳತೆಯ ಯಾವುದಾದರೂ ಹೆಲ್ಮೆಟ್ ಧರಿಸಿ ಸ್ವಂತ ಕಾರಿನಲ್ಲಿ ಕುಳಿತು ನೋಡಿ. ಎತ್ತರದವರ ತಲೆ ಮಾಡಿಗೆ ತಾಗುತ್ತದೆ. ಸೀಟು ಇಳಿಸಬೇಕೋ, ಬೆನ್ನೊರಗು ಬಾಗಿಸಬೇಕೋ ಎಂದು ಮನೆಯಲ್ಲೇ ತಿಳಿಯುವುದು ಒಳ್ಳೆಯದು.

ಹ್ಯಾನ್ಸ್ ವಿಷಯ. ಇದು ಹೆಗಲ ಮೇಲೆ ಕೂರುವ ನೊಗದಂತಹ ಸಾಧನ. ಹೆಲ್ಮೆಟ್ಟಿನ ಎರಡೂ ಬದಿಗೆ ಪಟ್ಟಿಯಿಂದ ಜೋಡಿಸಿಕೊಂಡು, ಮುಂದಿನಿಂದ ಢಿಕ್ಕಿಯಾದಾಗ ಮೈ ಬೆಲ್ಟಿನಲ್ಲಿ ನಿಂತರೂ ತಲೆ ಮಾತ್ರ ಮುಂದೆ ಚಿಮ್ಮಿ ತಲೆಬುರುಡೆಯ ಬುಡ ಮುರಿಯುವುದನ್ನು ತಡೆಯುತ್ತದೆ. ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ ಅವರು ತಮ್ಮ ಬಂಧುವೂ ರೇಸ್ ಚಾಲಕರೂ ಆಗಿದ್ದ ಜಿಮ್ ಡೌನಿಂಗ್ ಅವರೊಡನೆ ಇದನ್ನು 1980ರ ದಶಕದಲ್ಲಿ ರೂಪಿಸಿದರು. 2003ರಿಂದ ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾಯಿತು. ಸಾಧನ ಉತ್ತಮವಾದುದೇ, ಆದರೆ ಎರಡೂ ಹೆಗಲ ಮೇಲೆ ಹಾದುಬರುವ ರೇಸಿಂಗ್ ಬೆಲ್ಟುಗಳೇ ಅದನ್ನು ಒತ್ತಿ ಹಿಡಿಯುವುದು. ನಿಮ್ಮ ಕಾರಿನಲ್ಲಿರುವುದು ಒಂದು ಹೆಗಲಿನ ಮೇಲಷ್ಟೇ ಬರುವ ಸಾಮಾನ್ಯ ಬೆಲ್ಟು. ಅದರೊಂದಿಗೆ ಹ್ಯಾನ್ಸ್ ಕೊಂಡರೆ ಅಂಗಡಿಯವರಿಗೆ ಮಾತ್ರ ಲಾಭ. ಹಾಗಾದರೆ ರೇಸಿಂಗ್ ಬೆಲ್ಟನ್ನೇ ಹಾಕಿಸಿಕೊಳ್ಳುತ್ತೇನೆ ಎಂದೂ ಹೊರಡಬೇಡಿ. ರೋಲ್ ಕೇಜ್ ಇಲ್ಲದ ಕಾರು ಮಗುಚಿ ಮಾಡು ಕುಸಿದರೆ, ಆ ಬೆಲ್ಟು ನಿಮ್ಮನ್ನು ಬಾಗಲು ಬಿಡದೆ ನೆಟ್ಟಗೆ ಕೂರಿಸಿಯೇ ಇಡುತ್ತದೆ. ಸೀಟು, ಕೇಜು, ಬೆಲ್ಟು, ಹ್ಯಾನ್ಸ್ ನಾಲ್ಕೂ ಒಟ್ಟಿಗೆ ಬರಬೇಕಾದವು. ಈಗ ಎಸ್‌ಎ ಹೆಲ್ಮೆಟನ್ನು ಕೊಂಡರೆ ಸಾಕು; 2015ರಿಂದೀಚಿನ ಎಸ್‌ಎ ಹೆಲ್ಮೆಟ್ಟುಗಳಲ್ಲಿ ಹ್ಯಾನ್ಸ್ ಕೊಂಡಿಗೆ ಬೇಕಾದ ತಿರುಪಿನ ರಂಧ್ರಗಳು ಇದ್ದೇ ಇರುತ್ತವೆ. ಸ್ವತಃ ರಂಧ್ರ ಕೊರೆಯುವ ಕೆಲಸಕ್ಕೆ ಎಂದೂ ಕೈಹಾಕಬೇಡಿ.

ಕೊನೆಗೆ, ಅದನ್ನು ಇಡುವ ಜಾಗ. ನಮ್ಮ ಮಳೆಗಾಲದಲ್ಲಿ ಬೆವರು ಹೀರಿದ ಮೆತ್ತೆಗೆ ಬೂಷ್ಟು ಹಿಡಿಯುವುದು ಖಂಡಿತ. ಮೆತ್ತೆ ಕಳಚುವಂಥದ್ದಾದರೆ ಶಾಂಪೂ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೆಂಕಿ ತಡೆಯುವ ಬಟ್ಟೆಯ ತಲೆಗವುಸು ಧರಿಸಿದರೆ ಬೆವರು ಮೆತ್ತೆಗೆ ಅಷ್ಟಾಗಿ ಇಳಿಯುವುದೂ ಇಲ್ಲ. ತೋಟಕ್ಕೆ ಬಿಡುವ ಮದ್ದು, ಪೆಟ್ರೋಲ್, ಸೀಮೆಎಣ್ಣೆ ಇಡುವ ಕೋಣೆಯಲ್ಲಿ ಮಾತ್ರ ಹೆಲ್ಮೆಟ್ ಇಡಬೇಡಿ. ಪೆಟ್ಟನ್ನು ನುಂಗುವುದು ಹೊರಚಿಪ್ಪಿನ ಒಳಗಿರುವ ಥರ್ಮೋಕೋಲ್ ಜಾತಿಯ ಪದರ, ಪೆಟ್ರೋಲಿನಂತಹ ದ್ರಾವಕ ತಗುಲಿದರೆ ಅದು ಕರಗುತ್ತದೆ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ತನ್ನ ಹಳೆಯ ರೇಸಿಂಗ್ ಹೆಲ್ಮೆಟನ್ನು ನನಗೆ ಕೊಡುತ್ತಾನಂತೆ. ಅದರಲ್ಲಿ ‘ಎಸ್‌ಎ 2010’ ಎಂದಿದೆ. ನೋಡಲು ಹೊಸತರಂತಿದೆ. ಬಳಸಬಹುದೇ? (ಉಪ್ಪಳದಿಂದ ಒಬ್ಬರು ಓದುಗರು)

ಉತ್ತರ: ಬೇಡ. ಮೇಲೆ ಹೇಳಿದ ಥರ್ಮೋಕೋಲ್ ಪದರ ಪೆಟ್ಟು ಬಿದ್ದಾಗ ಒಮ್ಮೆ ಅಮರಿದರೆ ಮತ್ತೆ ಮೇಲೇಳುವುದಿಲ್ಲ, ಮತ್ತು ಅದು ಅಮರಿದ್ದು ಹೊರಗಿನ ಬಣ್ಣದಲ್ಲಿ ಕಾಣಿಸಲೇಬೇಕೆಂದಿಲ್ಲ. ಪೆಟ್ಟೇ ಬಿದ್ದಿಲ್ಲವೆಂದಾದರೂ ಬೆವರು, ತಲೆಯ ಎಣ್ಣೆ, ಬಿಸಿಲುಗಳಿಂದ ಒಳಗಿನ ಅಂಟೂ ಪದರವೂ ಹಾಳಾಗುತ್ತವೆ. ಆ ಕಾರಣದಿಂದಲೇ ಐದು ವರ್ಷಕ್ಕೆ ಬದಲಿಸಿ ಎಂದು ಸ್ನೆಲ್ ಪ್ರತಿಷ್ಠಾನ ಹೇಳುತ್ತದೆ. ಅಣ್ಣನ ಪ್ರೀತಿಗೆ ಅದನ್ನು ಚಾವಡಿಯ ಕಪಾಟಿನಲ್ಲಿಡಿ.

ಪ್ರಶ್ನೆ: ನಾವು ಹೊಸೂರಿನವರು. 11 ವರ್ಷದ ಮಗಳು ರಜೆಯಲ್ಲಿ ಬೆಂಗಳೂರಿನಲ್ಲಿ ಕಾರ್ಟಿಂಗ್ ಕಲಿಯುತ್ತಿದ್ದಾಳೆ. ಅಲ್ಲಿ ಕೊಡುವ ಹೆಲ್ಮೆಟ್ ಅವಳ ತಲೆಯ ಮೇಲೆ ಓಲಾಡುತ್ತದೆ. ದೊಡ್ಡವರ ಹೆಲ್ಮೆಟ್ಟಿನಲ್ಲೇ ಸಣ್ಣ ಅಳತೆಯದನ್ನು ಕೊಡಿಸಬಹುದೇ?

ಉತ್ತರ: ಓಲಾಡುವ ಹೆಲ್ಮೆಟ್ಟಿನಲ್ಲಿ ಅವಳನ್ನು ಇನ್ನೊಂದು ಸುತ್ತಿಗೂ ಕಳುಹಿಸಬೇಡಿ. ದೊಡ್ಡವರ ಸಣ್ಣ ಅಳತೆಯದು ತಲೆಗೆ ಹಿಡಿದರೂ ಅದರ ತೂಕವನ್ನು ಮಗುವಿನ ಕುತ್ತಿಗೆ ಹೊರಬೇಕಾಗುತ್ತದೆ. ಮಕ್ಕಳಿಗಾಗಿಯೇ ತೂಕಕ್ಕೆ ಮಿತಿ ಹಾಕಿ ಎಫ್‌ಐಎ ಮತ್ತು ಸ್ನೆಲ್ ಸೇರಿ ರೂಪಿಸಿದ ‘ಸಿಎಂಆರ್’ ಎಂಬ ಮಾನದಂಡವಿದೆ, ಆ ಮುದ್ರೆಯದನ್ನು ಕೇಳಿ ಕೊಳ್ಳಿ. ಮಕ್ಕಳ ತಲೆ ಬೆಳೆಯುತ್ತದೆಂದು ಯೂನಿಫಾರ್ಮ್ ಹೊಲಿಸುವಂತೆ ಒಂದು ಅಳತೆ ದೊಡ್ಡದನ್ನು ಕೊಡಿಸುವ ತಂದೆತಾಯಿಯರನ್ನು ನಾನು ಬಹಳ ನೋಡಿದ್ದೇನೆ; ದಯವಿಟ್ಟು ಹಾಗೆ ಮಾಡಬೇಡಿ. ಉದ್ದ ಕೂದಲಿದ್ದರೆ ನೆತ್ತಿಯ ಮೇಲೆ ತುರುಬು ಕಟ್ಟದೆ, ಕುತ್ತಿಗೆಯ ಬಳಿ ಜಡೆ ಹೆಣೆದು ಉಡುಪಿನೊಳಗೆ ಸೇರಿಸಿ. ಅಳತೆ ನೋಡುವ ದಿನವೂ ಅದೇ ಜಡೆಯಲ್ಲಿ ಕರೆದೊಯ್ಯಿರಿ.