ಒಳಲೆ ಹಿಡಿದು ಬರುವವರಿಗೆ ಏನು ಹೇಳುವುದು?

ಬಾಣಂತಿಯರ ಜೊತೆ ಕೂತು ಮಾತಾಡುವ ಕೆಲಸದಲ್ಲಿ ಒಂದು ವಿಷಯ ಪದೇ ಪದೇ ಬರುತ್ತದೆ. ಆದರೆ ಯಾರೂ ಅದನ್ನು ನೇರವಾಗಿ ತೆಗೆಯುವುದಿಲ್ಲ. ನಿದ್ದೆ ಇಲ್ಲ ಎನ್ನುತ್ತಾರೆ, ಸುಮ್ನೆ ಅಳು ಬರುತ್ತದೆ ಎನ್ನುತ್ತಾರೆ. ಸ್ವಲ್ಪ ಕೆದಕಿದರೆ ಗೊತ್ತಾಗುತ್ತದೆ, ಅವರ ಎದೆಹಾಲಿಗೆ ಮಗುವಲ್ಲದೆ ಬೇರೆ ಗಿರಾಕಿಗಳೂ ಇದ್ದಾರೆ ಎಂದು. ಕೆಂಗಣ್ಣಿಗೆ ನಾಲ್ಕು ಹನಿ, ಕಿವಿನೋವಿಗೆ ಎರಡು ಹನಿ, ಮುಖಕ್ಕೆ ಹಚ್ಚಲು ಒಂದು ಚಮಚ. ಒಳಲೆ (ಮಗುವಿಗೆ ಹಾಲು ಕುಡಿಸುವ ಪುಟ್ಟ ಪಾತ್ರೆ) ಹಿಡಿದು ಕೇಳಲು ಬರುವವರಿಗೆ ಅದು ಸಣ್ಣ ವಿಷಯ.

ಇದು ಅಂಥ ಒಂದು ಮನೆಯ ಕತೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಕೆಯನ್ನು ಸುಮ ಎನ್ನೋಣ. ಕಾಸರಗೋಡು ಜಿಲ್ಲೆಯ ಒಳಭಾಗದ ಅಡಿಕೆ ತೋಟದ ಮನೆ, ಗಂಡ ಗಲ್ಫ್‌ನಲ್ಲಿ, ಮೂರು ತಿಂಗಳ ಮಗು. ಆಶಾ ಕಾರ್ಯಕರ್ತೆ ಹೇಳಿದ್ದಕ್ಕೆ ಬಂದಿದ್ದಳು.

ರಾತ್ರಿ ಎರಡು ಗಂಟೆಗೆ ಎದ್ದು ಪಂಪ್ ಮಾಡ್ತೇನೆ ಎಂದಳು. ಮಗು ಆಗ ನಿದ್ದೆಯಲ್ಲಿರುತ್ತದಂತೆ. ಮತ್ತೆ ಯಾರಿಗೆ?

"ಕೇಳ್ಲಿಕ್ಕೆ ಬರ್ತಾರಲ್ಲ ಮೇಡಂ."

ಮಗು ಕುಡಿದು ಉಳಿದದ್ದನ್ನು ಕೊಡುತ್ತೀಯಾ ಎಂದು ಕೇಳಿದೆ. ತಲೆಯಾಡಿಸಿದಳು. "ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವರಿಗೆ ತೆಗೆದಿಡುದು. ಆಮೇಲೆ ಮಗುವಿಗೆ." ಕೊಡದಿದ್ದರೆ ಹಾಲು ಬತ್ತುತ್ತದೆ ಎಂದು ಅತ್ತೆ ಹೇಳಿದ್ದರು.

ಆದರೆ ಅವಳ ನಿದ್ದೆ ಕೆಡಿಸಿದ್ದು ಪಂಪು ಮಾತ್ರ ಅಲ್ಲ. ಹತ್ತಿರದ ಮನೆಯಲ್ಲಿ ಹುಟ್ಟಿ ವಾರವಾಗದ ಶಿಶುವಿನ ಕಣ್ಣಿನಲ್ಲಿ ಕೀವು ಬಂದಿತ್ತು. ಸುಮಳ ಹಾಲನ್ನು ಒಳಲೆಯಲ್ಲಿ ಒಯ್ದು ಕೆಲವು ದಿನ ಹಾಕಿದರು. ರೆಪ್ಪೆ ಬಾತು ಮಗು ಕಣ್ಣು ತೆರೆಯದೆ ಹೋದಾಗ ಆಸ್ಪತ್ರೆಗೆ ಓಡಿದರು. ಮಗು ಗುಣವಾಯಿತು. ಡಾಕ್ಟರು ಬೈದ ಸುದ್ದಿ ಮಾತ್ರ ಸುಮಳ ಕಿವಿಗೂ ಬಿತ್ತು. "ನನ್ನ ಹಾಲಿನಿಂದ ಹಾಗಾದದ್ದಾ?" ಎಂದು ಅವಳು ಕೇಳಿದ್ದು ಆ ದಿನದ ಮಾತು ಮುಗಿಸಿ ಏಳುವಾಗ.

ಇದಕ್ಕೆ ಉತ್ತರ ಸ್ಪಷ್ಟವಾಗಿ ಹೇಳಬೇಕಿತ್ತು, ಹೇಳಿದೆ. ನವಜಾತ ಶಿಶುವಿನ ಕಣ್ಣಿಗೆ ಈ ರೀತಿಯ ಸೋಂಕು ಸಾಮಾನ್ಯವಾಗಿ ಹೆರಿಗೆಯ ಹೊತ್ತಿನಲ್ಲಿ ತಗಲುತ್ತದೆ. ನಿನ್ನ ಹಾಲು ಅದನ್ನು ತಂದದ್ದಲ್ಲ. ಆದರೆ ಹಾಲು ಹಾಕುತ್ತಾ ಕೂತ ದಿನಗಳು ಹೋದವು, ಅದು ತಪ್ಪು. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ಕಾಯಿಲೆಯ ರೋಗಾಣು ಆಗಿದ್ದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಅದಕ್ಕೂ ಬೇಗ, ಕಣ್ಣಿನ ಕರಿಗುಡ್ಡೆಯ ಮೇಲಿನ ಪದರವನ್ನೇ ಕೊರೆದು ಕುರುಡು ಮಾಡಬಲ್ಲದು. ಹಸುಗೂಸಿನ ಕಣ್ಣಲ್ಲಿ ಕೀವು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬಾ ಎಂದೆ. ಬಂದರು. ಜೋರಿನ ಹೆಂಗಸು ಇರಬಹುದು ಎಂದುಕೊಂಡಿದ್ದೆ. ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ನಾನು ಏನು ಬೈಯುತ್ತೇನೋ ಎಂದು ಕಾಯುತ್ತಿದ್ದರು. ನಾನು ಬೈಯಲಿಲ್ಲ. ಇಲ್ಲ ಅಂತ ಹೇಳಲು ಯಾಕೆ ಆಗುವುದಿಲ್ಲ ಎಂದಷ್ಟೇ ಕೇಳಿದೆ.

ತುಂಬ ಹೊತ್ತು ಸುಮ್ಮನಿದ್ದು ಹೇಳಿದರು. ಅವರಿಗೆ ಹೆರಿಗೆಯಾದಾಗ ಜ್ವರ ಬಂದು ಹಾಲೇ ಇರಲಿಲ್ಲ. ಪಕ್ಕದ ಬ್ಯಾರಿಗಳ (ಕರಾವಳಿಯ ಮುಸ್ಲಿಮರ) ಮನೆಯಲ್ಲಿ ಅದೇ ದಿನಗಳಲ್ಲಿ ಒಬ್ಬರು ಹೆತ್ತಿದ್ದರು. ಆ ಹೆಂಗಸು ದಿನಾ ಬೇಲಿ ದಾಟಿ ಬಂದು ಈ ಮಗುವಿಗೂ ಹಾಲು ಕೊಟ್ಟರು. "ಅವರ ಲೆಕ್ಕದಲ್ಲಿ ನನ್ನ ಮಗ ಅವರ ಮಗಳಿಗೆ ಅಣ್ಣ. ಮೊನ್ನೆ ಕಣ್ಣು ಬಾತದ್ದು ಅವರ ಪುಳ್ಳಿಗೆ (ಮೊಮ್ಮಗುವಿಗೆ). ನಾನು ಕೊಟ್ಟದ್ದಲ್ಲ ಮೇಡಂ, ತೀರಿಸಿದ್ದು."

ಇಸ್ಲಾಂನಲ್ಲಿ ಒಂದೇ ತಾಯಿಯ ಹಾಲು ಕುಡಿದ ಮಕ್ಕಳು ಒಡಹುಟ್ಟಿದವರ ಹಾಗೆ, ಅವರ ನಡುವೆ ಮದುವೆ ಕೂಡದು. ನಮ್ಮ ಕಡೆ ಎರಡೂ ಮನೆಯವರು ಇದನ್ನು ಬಲ್ಲರು. ಹಾಗಾಗಿ ಅತ್ತೆಯ ಮಾತನ್ನು ಮೂಢನಂಬಿಕೆ ಎಂದು ತಳ್ಳುವಂತಿರಲಿಲ್ಲ. ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಸುಮ ಹೇಳಿದಳು, ಸ್ವರ ಏರಿಸದೆ. "ಅದು ನಿಮ್ಮ ಸಾಲ ಅತ್ತೆ. ತೀರಿಸ್ತಾ ಇರುದು ನಾನು."

ಅತ್ತೆ ಸೊಸೆಯ ಮುಖ ನೋಡಿದರು. ಸಿಟ್ಟು ಬರಲಿಲ್ಲ. "ನೀನು ಎಂಥದೂ ಹೇಳ್ಲೇ ಇಲ್ಲ ಅಲ್ವಾ" ಎಂದರು.

"ನೀವು ಕೇಳ್ಲೇ ಇಲ್ಲ."

ಇಬ್ಬರ ನಡುವೆ ಮಾತು ಶುರುವಾದ ಮೇಲೆ ನನ್ನ ಕೆಲಸ ಕಡಿಮೆಯಾಯಿತು. ನಾನು ಸೇರಿಸಿದ್ದು ಒಂದೇ. ಆ ತಾಯಿ ಅಂದು ಹಸಿದ ಮಗುವಿಗೆ ಹಾಲು ಕೊಟ್ಟರು. ಕಣ್ಣಿಗೆ ಹಾಕಲು ಕೊಡುವುದು ಅದರ ಬದಲಿ ಅಲ್ಲ. ಆ ಪುಳ್ಳಿಯನ್ನು ಅದೇ ದಿನ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದ್ದರೆ ಸಾಲ ಚೆನ್ನಾಗಿ ತೀರುತ್ತಿತ್ತು. ಅತ್ತೆ ಒಪ್ಪಿದರು.

ಹಾಲು ಬತ್ತುವ ಮಾತು ಪೂರ್ತಿ ಸುಳ್ಳಲ್ಲ. ಎಷ್ಟು ತೆಗೆಯುತ್ತೀರೋ ಅಷ್ಟು ಹಾಲು ತಯಾರಾಗುತ್ತದೆ. ಅಂದರೆ ನೆರೆಯವರಿಗಾಗಿ ರಾತ್ರಿ ಪಂಪ್ ಮಾಡಿದ್ದರಿಂದಲೇ ಆ ಹೆಚ್ಚಿನ ಹಾಲು ಬರುತ್ತಿತ್ತು. ಪಂಪನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡು, ಒಮ್ಮೆಲೇ ಬಿಟ್ಟರೆ ಎದೆ ಕಟ್ಟಿ ಜ್ವರ ಬರಬಹುದು ಎಂದೆ. ಅತ್ತೆ ಕೂಡಲೇ ಮಲ್ಲಿಗೆ ಹೂ ಕಟ್ಟುವ ಮಾತೆತ್ತಿದರು. ಅದನ್ನು ಕೇಳಿ ನಗುವ ಹಾಗಿಲ್ಲ. ಎದೆಯ ಮೇಲೆ ಮಲ್ಲಿಗೆ ಕಟ್ಟಿದರೆ ಹಾಲು ಕಡಿಮೆಯಾಗುತ್ತದೆ ಎಂಬುದನ್ನು ವೆಲ್ಲೂರಿನ ವೈದ್ಯರು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅದು ಹಾಲು ನಿಲ್ಲಿಸಬೇಕಾದವರಿಗೆ. ಇಲ್ಲಿ ಮಗು ಇನ್ನೂ ಕುಡಿಯಬೇಕು.

ಹಳೆಯ ಮದ್ದನ್ನು ಹೀಯಾಳಿಸುತ್ತೀರಿ ಎಂದು ನನಗೆ ಹೇಳಿದವರಿದ್ದಾರೆ. ಇಲ್ಲ. ಎದೆಹಾಲಿನಲ್ಲಿ ರೋಗಾಣುಗಳ ಜೊತೆ ಹೋರಾಡುವ ಅಂಶಗಳು ಇರುವುದು ನಿಜ. ಲ್ಯಾಕ್ಟೊಫೆರಿನ್, ಲೈಸೋಜೈಮ್, ಪ್ರತಿಕಾಯಗಳು ಎಲ್ಲವೂ ಉಂಟು. ಮೊಲೆತೊಟ್ಟು ಬಿರಿದರೆ ತನ್ನದೇ ಹಾಲಿನ ಎರಡು ಹನಿ ಸವರಿ ಒಣಗಲು ಬಿಡಿ ಎಂದು ನಾನೇ ಹೇಳುತ್ತೇನೆ. ಡೈಪರಿನ ಕೆಂಪಿಗೆ ತನ್ನ ಮಗುವಿಗೆ ಹಚ್ಚಿದರೆ ತಕರಾರಿಲ್ಲ, ಸಣ್ಣ ಅಧ್ಯಯನಗಳಲ್ಲಿ ಒಳ್ಳೆಯ ಫಲಿತಾಂಶವೇ ಬಂದಿದೆ. ಹೊಕ್ಕುಳಿಗೆ ಮಾತ್ರ ಏನೂ ಬೇಡ, ಒಣಗಿಸಿ ಇಟ್ಟರೆ ಸಾಕು. ಕಣ್ಣು, ಕಿವಿಯ ಮಾತೇ ಬೇರೆ. ಹಾಲು ಸ್ಟೆರೈಲ್ ಅಲ್ಲ, ಅಂದರೆ ಅದರಲ್ಲಿ ರೋಗಾಣು ಇರಬಹುದು. ದೊಡ್ಡವರ ಕೆಂಗಣ್ಣು ಹೆಚ್ಚಾಗಿ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಹಾಲು ಹಾಕಿದ್ದರೆ ಹೆಸರು ಹಾಲಿಗೆ. ಶಿಶುಗಳ ಕಣ್ಣೀರಿನ ನಾಳ ಕಟ್ಟಿದ್ದರೂ ಹಾಗೆಯೇ, ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ಅಜ್ಜಿಯರ ಕಾಲದಲ್ಲಿ ಬೇರೆ ಮದ್ದು ಕೈಗೆ ಸಿಗುತ್ತಿರಲಿಲ್ಲ. ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ.

ಇನ್ನೊಂದು ಆಕ್ಷೇಪ ನನ್ನ ಸಹೋದ್ಯೋಗಿಯದು. ಅಷ್ಟು ಹಾಲಿದ್ದವಳನ್ನು ಎದೆಹಾಲಿನ ಬ್ಯಾಂಕಿಗೆ ಕಳಿಸಬಾರದಿತ್ತಾ ಎಂದರು. ಬ್ಯಾಂಕಿನ ವಿಷಯ ನಾನು ಸುಮಳಿಗೆ ಹೇಳಿದ್ದೆ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭವಾದದ್ದು ದೇಶದ ಮೊದಲನೆಯದು. ಕೇರಳದಲ್ಲಿ 2021ರಲ್ಲಿ ಎರ್ನಾಕುಳಂನಲ್ಲಿ ಬಂತು. ನಮಗೆ ಹತ್ತಿರ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ. ಅಮ್ಮನ ರಕ್ತ ಪರೀಕ್ಷೆ ಆಗಬೇಕು, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುತ್ತಾರೆ, ಆಮೇಲೆ ಅದು ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆಯ ಮಕ್ಕಳಿಗೆ ಹೋಗುತ್ತದೆ. ಹಣದ ವ್ಯವಹಾರ ಇಲ್ಲ. ಎದೆಹಾಲು ಮಾರಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಮತ್ತೆ ಎಚ್ಚರಿಸಿದೆ. ಇದೆಲ್ಲ ಒಳ್ಳೆಯದೇ. ಆದರೆ ಒತ್ತಾಯ ಮಾಡಲಿಲ್ಲ. ಊರಿನ ಋಣದಿಂದ ಈಗಷ್ಟೇ ತಪ್ಪಿಸಿಕೊಂಡವಳ ತಲೆಗೆ ನಾನು ಇನ್ನೊಂದು ಪುಣ್ಯದ ಕೆಲಸ ಹೊರಿಸಲಾರೆ. ಅವಳಿಗೆ ಆಗ ಬೇಕಿದ್ದದ್ದು ನಿದ್ದೆ. ಮುಂದೆ ಮನಸ್ಸಾದರೆ ಕೊಡಲಿ, ಆಗದಿದ್ದರೆ ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲ.

ಈಗ ರಾತ್ರಿಯ ಪಂಪು ನಿಂತಿದೆ. ಕಣ್ಣಿಗೆಂದು ಬಂದವರಿಗೆ ಅತ್ತೆಯೇ ಜಗಲಿಯಲ್ಲಿ ಉತ್ತರ ಕೊಡುತ್ತಾರೆ, "ಡಾಕ್ಟರ ಹತ್ರ ಹೋಗಿ, ನಾನೂ ಬರ್ತೇನೆ ಬೇಕಾದ್ರೆ." ಬ್ಯಾರಿಗಳ ಮನೆಗೆ ಒಮ್ಮೆ ಹಾಗೆಯೇ ಜೊತೆಗೆ ಹೋಗಿ ಬಂದರಂತೆ. ರೀಲ್ಸ್ ನೋಡಿ ಮುಖಕ್ಕೆ ಹಚ್ಚಲು ಹಾಲು ಕೇಳುತ್ತಿದ್ದ ನಾದಿನಿ ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ. ಮೊಡವೆಗೆ ಚರ್ಮದ ಡಾಕ್ಟರು ಇದ್ದಾರೆ ಎಂದು ಅವಳಿಗೂ ಹೇಳಿ ಕಳಿಸಿದ್ದೇನೆ.