ಅಜ್ಜನ ಬಾಗಿಲು, ಹೊಸ ಕೌಂಟರು

ಪ್ರಶ್ನೆ: ಮಂಗಳೂರಿನಲ್ಲಿರುವ ನಮ್ಮ ಅಜ್ಜನ ಕಾಲದ ಹೆಂಚಿನ ಮನೆಯನ್ನು ಬಾರ್ ಆ್ಯಂಡ್ ರೆಸ್ಟೋರೆಂಟ್ ಮಾಡುತ್ತಿದ್ದೇವೆ. ಕಾವಿ ನೆಲ, ಹೆಂಚು ಹೊರುವ ಮರದ ಪಕ್ಕಾಸು ಗಟ್ಟಿಯಾಗಿವೆ. ಕೆತ್ತನೆಯುಳ್ಳ ಹಲಸಿನ ಬಾಗಿಲೊಂದನ್ನು ಕೌಂಟರಿನ ಮೇಲ್ಹಾಸಾಗಿ ಬಳಸುವ ಆಸೆ ನನಗಿದೆ. ತಮ್ಮನಿಗೆ ಎಲ್ಲವೂ ಹೊಸದೇ ಆಗಬೇಕು. ಹಳತು ಹೊಸತನ್ನು ಹೊಂದಿಸುವುದು ಹೇಗೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಗೋಡೆ, ನೆಲ, ಮಾಡು ಹಳೆಯದಾಗಿಯೇ ಉಳಿಯಲಿ, ದಿನವೂ ಕೆಲಸ ನಡೆಯುವ ಕೌಂಟರು, ದೀಪ, ವೈರಿಂಗ್, ನೀರಿನ ಕೊಳವೆ ಮಾತ್ರ ಪೂರ್ತಿ ಹೊಸದಾಗಲಿ. 1865ರಲ್ಲೇ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ಊರಿನಲ್ಲಿ ಹೆಂಚನ್ನು ಫಾಲ್ಸ್ ಸೀಲಿಂಗಿನಿಂದ ಮುಚ್ಚಿ, ಗೋಡೆಗೆ ಇಟ್ಟಿಗೆ ಚಿತ್ರದ ಕಾಗದ ಅಂಟಿಸುವುದನ್ನು ನಾನಂತೂ ಒಪ್ಪಲಾರೆ. ಏಸಿ ಬೇಕೇಬೇಕೆಂದಾದರೆ ಪಕ್ಕಾಸುಗಳ ನಡುವೆ ಹಲಗೆ ಕೂರಿಸಿ, ಪಕ್ಕಾಸು ಕಣ್ಣಿಗೆ ಬೀಳುವಂತೆ ಬಿಡಿ.

ಬಾಗಿಲನ್ನು ಮೇಲ್ಹಾಸು ಮಾಡಬೇಡಿ. ಕೆತ್ತನೆಯ ಸಂದುಗಳಲ್ಲಿ ಚೆಲ್ಲಿದ ಬಿಯರು ನಿಂತು ವಾಸನೆ ಹಿಡಿಯುತ್ತದೆ, ಗ್ಲಾಸೂ ನೆಟ್ಟಗೆ ನಿಲ್ಲುವುದಿಲ್ಲ. ಅದನ್ನು ಅಡ್ಡ ಮಲಗಿಸಿ ಕೌಂಟರಿನ ಮುಂಭಾಗಕ್ಕೆ ಜೋಡಿಸಿದರೆ ಒಳಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕೂತವರ ಬೂಟು ತಾಗಿ ಮರ ಕೆಡದಂತೆ ನೆಲದಿಂದ ಸುಮಾರು 8 ಇಂಚು ಎತ್ತರದಲ್ಲಿ ಕಾಲಿಡಲು ಹಿತ್ತಾಳೆಯ ಸರಳೊಂದನ್ನು ಹಾಯಿಸಿ. ಅದಕ್ಕೆ ಲ್ಯಾಕರ್ ಲೇಪ ಬೇಡ, ಕಾಲು ಉಜ್ಜಿದಲ್ಲೆಲ್ಲ ತಾನಾಗಿಯೇ ಹೊಳಪೇರುತ್ತದೆ. ಮೇಲ್ಹಾಸಿಗೆ ಹೊಳಪಿಲ್ಲದ ಕಪ್ಪು ಗ್ರಾನೈಟ್ ಸಾಕು. ಅಮೃತಶಿಲೆಯ ಮೇಲೆ ಒಂದು ಹೋಳು ನಿಂಬೆ ಸ್ವಲ್ಪ ಹೊತ್ತು ಬಿದ್ದಿದ್ದರೂ ಮಾಸಿದ ಕಲೆ ಉಳಿದುಬಿಡುತ್ತದೆ. ಸಿಮೆಂಟಿನ ಕಾವಿ ನೆಲಕ್ಕೂ ಹುಳಿ ಆಗಿಬರುವುದಿಲ್ಲವಾದ್ದರಿಂದ ಕೌಂಟರಿನ ಹಿಂದೆ ಮಾತ್ರ ಜಾರದ ಟೈಲ್ಸ್ ಹಾಕಿಸಿ.

ಕೌಂಟರಿನ ಎತ್ತರ 42 ಇಂಚು, ಸ್ಟೂಲಿನದು 30 ಇಂಚು; ಮೊಣಕಾಲಿಗೆ ಜಾಗ ಸಿಗುವಂತೆ ಕಲ್ಲು 8ರಿಂದ 10 ಇಂಚು ಹೊರಚಾಚಿರಲಿ. ಬಾಗಿಲಿನ ದಪ್ಪವನ್ನು ಈ ಲೆಕ್ಕದೊಳಗೆ ಮೊದಲೇ ಸೇರಿಸಿಕೊಳ್ಳಲು ಬಡಗಿಗೆ ಹೇಳಿ, ಸಾಮಾನ್ಯವಾಗಿ ಎಡವುವುದು ಅಲ್ಲೇ.

ದೀಪದ ವಿಷಯದಲ್ಲಿ ನಿಮ್ಮ ತಮ್ಮನ ಮಾತು ನಡೆಯಲಿ: ಡಿಮ್ಮರ್ ಇರುವ, ಬೆಚ್ಚನೆಯ ಹಳದಿ ಬೆಳಕಿನ (2700 ಕೆಲ್ವಿನ್) ಎಲ್ಇಡಿ ಬಲ್ಬುಗಳನ್ನು ಸರಳ ಕಪ್ಪು ಹೋಲ್ಡರುಗಳಲ್ಲಿ ಇಳಿಬಿಡಿ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಕಾವಿ ನೆಲ ಕಳೆಗುಂದಿ ಕಾಣುತ್ತದೆ. ಗ್ರಾಮಫೋನು, ಲಾಟೀನು ಎಂದು ಗುಜರಿಯಿಂದ ಕೊಂಡು ತರುವ ಹಣವನ್ನು ಹೆಂಚು ಸೋರದಂತೆ ಅದರಡಿಯ ಮರದ ರೀಪು ಬದಲಿಸಲು ಖರ್ಚು ಮಾಡಿ. ಆ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.