ಮೊದಲು ಬೆಚ್ಚಗಿಡಿ, ಔಷಧಿಯ ಮಾತು ಆಮೇಲೆ

ಓದುಗರ ಪತ್ರ: ನಮ್ಮ ಐದು ವಾರದ ಟರ್ಕಿ ಮರಿಯ ಮೇಲೆ ಗೂಡಿನ ಹಲಗೆ ಬಿದ್ದಿದೆ. ಒಂದು ಕಾಲನ್ನು ನೆಲಕ್ಕೆ ಊರುತ್ತಿಲ್ಲ. ನಾವು ನೋಡುವಷ್ಟರಲ್ಲಿ ಜೊತೆಯ ಮರಿಗಳು ಅದರ ಬೆನ್ನನ್ನು ಕುಕ್ಕಿ ಚರ್ಮ ಕಿತ್ತಿದ್ದವು. ಪಶುವೈದ್ಯರಿಗೆ ಕೊಡುವ ಹಣ ಮರಿಯ ಬೆಲೆಯನ್ನೂ ಮೀರುತ್ತದೆ, ನಮ್ಮ ಕೈಯೂ ಬಿಗಿಯಾಗಿದೆ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಮಾತ್ರೆಯಲ್ಲಿ ಅರ್ಧ ಕೊಡಬಹುದೇ? ಗಾಯಕ್ಕೆ ಯಾವ ಮುಲಾಮು ಹಚ್ಚಬೇಕು? ಒಂದು ಕೋಳಿಗೆ ಇಷ್ಟು ಒದ್ದಾಟ ಏಕೆಂದು ಮನೆಯವರು ಕೇಳುತ್ತಿದ್ದಾರೆ.

ಸಂಪಾದಕರ ಉತ್ತರ:

ಮನೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಾವು ಸಾಕಿದ ಜೀವ ನೋವಿನಲ್ಲಿ ಒದ್ದಾಡುತ್ತಿರುವಾಗ ಅದನ್ನು ನೋಡಿಕೊಳ್ಳುವ ಹೊಣೆ ನಮ್ಮದು. ಮಾರಿದರೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ ಆಮೇಲಿನದು. ನೀವು ಒದ್ದಾಡುತ್ತಿರುವುದು ಸರಿಯಾಗಿಯೇ ಇದೆ. ಸಮಾಧಾನದ ಸಂಗತಿಯೆಂದರೆ, ಇಂಥ ಮರಿಗೆ ಮೊದಲ ಎರಡು ದಿನ ಬೇಕಾಗುವ ಆರೈಕೆಯ ಬಹುಪಾಲಿಗೆ ಹಣ ಬೇಕಾಗುವುದಿಲ್ಲ. ಬೇಕಾಗುವುದು ನಿಮ್ಮ ಕೈ ಮತ್ತು ಸಮಯ. ಇರುವ ಸ್ವಲ್ಪ ಹಣವನ್ನು ವೈದ್ಯರಿಂದ ಮಾತ್ರ ಆಗುವ ಕೆಲಸಕ್ಕೆ ಉಳಿಸಿಕೊಳ್ಳಿ.

ನಿಮ್ಮ ಎರಡು ಪ್ರಶ್ನೆಗಳೂ ಔಷಧಿಯ ಬಗ್ಗೆ ಇವೆ. ಆದರೆ ಪೆಟ್ಟು ತಿಂದ ಮರಿಯನ್ನು ಮೊದಲು ಕಾಡುವುದು ಆಘಾತ ಮತ್ತು ಚಳಿ. ಆರೋಗ್ಯವಂತ ಟರ್ಕಿ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ವಾರಕ್ಕೆ ಸುಮಾರು 3 ಡಿಗ್ರಿಯಂತೆ ಅದನ್ನು ಇಳಿಸುತ್ತಾ ಬರುತ್ತೇವೆ. ಈ ಲೆಕ್ಕದಲ್ಲಿ ಐದನೇ ವಾರದ ಮರಿಗೆ 23 ಡಿಗ್ರಿ ಸಾಕು. ಗಾಯಗೊಂಡ ಮರಿಗೆ ಅದು ಸಾಲದು. ರಟ್ಟಿನ ದೊಡ್ಡ ಪೆಟ್ಟಿಗೆಯೊಂದರ ಒಂದು ತುದಿಯನ್ನು 28ರಿಂದ 30 ಡಿಗ್ರಿಯಲ್ಲಿಡಿ, ಇನ್ನೊಂದು ತುದಿ ತಂಪಾಗಿರಲಿ. ಸೆಕೆಯಾದರೆ ಮರಿ ತಾನೇ ಸರಿದುಕೊಳ್ಳಬೇಕು. ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೂ ಸಾಕು, ಆದರೆ ಅದು ಆರಿದಾಗೆಲ್ಲ ಬದಲಿಸಬೇಕು. ಕಾವಿನ ಬಲ್ಬು ಇದ್ದರೆ ಭದ್ರವಾಗಿ ಕಟ್ಟಿ. ಕಳಚಿ ಬಿದ್ದ ಬಲ್ಬಿನಿಂದ ಬೆಂಕಿ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ತಳಕ್ಕೆ ಹಳೆಯ ಟವೆಲ್ ಹಾಸಿ. ಬರಿಯ ಪತ್ರಿಕೆ ಹಾಸಿದರೆ ಕಾಲು ಜಾರಿ, ಚೆನ್ನಾಗಿರುವ ಕಾಲಿಗೂ ತೊಂದರೆಯಾಗುತ್ತದೆ.

ಬೇರೆ ಇಡಿ ಎಂದರೆ ಒಂಟಿಯಾಗಿಡಿ ಎಂದಲ್ಲ. ಟರ್ಕಿ ಗುಂಪಿನಲ್ಲಿ ಬದುಕುವ ಹಕ್ಕಿ. ಒಂಟಿಯಾದ ಮರಿ ಎಡೆಬಿಡದೆ ಕೂಗುತ್ತದೆ, ಮೇವು ಬಿಡುತ್ತದೆ, ಗುಣವಾಗಲು ಬೇಕಾದ ಶಕ್ತಿಯನ್ನೆಲ್ಲ ಕೂಗಿಯೇ ಕಳೆಯುತ್ತದೆ. ಹಾಗೆಂದು ಗುಂಪಿನೊಳಗೇ ಬಿಟ್ಟರೆ ಕೆಂಪು ಕಂಡ ಕಡೆಯೆಲ್ಲ ಉಳಿದವು ಕುಕ್ಕುತ್ತವೆ. ಒಮ್ಮೆ ರಕ್ತದ ರುಚಿ ಹತ್ತಿದ ಮರಿಗಳು ಸುಮ್ಮನಾಗುವುದಿಲ್ಲ. ಆದ್ದರಿಂದ ನಡುವೆ ತಂತಿ ಬಲೆಯಿಟ್ಟು, ಜೊತೆಯವು ಕಾಣುವಂತೆ, ಕೇಳುವಂತೆ ಇರಿಸಿ. ಗುಂಪಿನಲ್ಲಿ ಅತಿ ಸಾಧು ಮರಿ ಯಾವುದೆಂದು ನಿಮಗೆ ಗೊತ್ತಿರುತ್ತದೆ. ಅದನ್ನು ಬಲೆಯ ಆಚೆ ಪಕ್ಕದಲ್ಲೇ ಇಟ್ಟರೆ ಇನ್ನೂ ಒಳ್ಳೆಯದು. ನಾಟಿ ಕೋಳಿಗಳು ಓಡಾಡಿದ ನೆಲದಲ್ಲಿ ಮಾತ್ರ ಇಡಬೇಡಿ. ಕೋಳಿಯ ಕರುಳಿನ ಹುಳುವಿನ ಮೂಲಕ ಹರಡುವ ಹಿಸ್ಟೊಮೊನಾಸ್ ಎಂಬ ಸೂಕ್ಷ್ಮಜೀವಿ ಕೋಳಿಗಳನ್ನು ಅಷ್ಟಾಗಿ ಕಾಡದಿದ್ದರೂ ಟರ್ಕಿಯ ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ.

ಮರಿ ಬೆಚ್ಚಗಾಗಿ, ಕಣ್ಣು ತೆರೆದು ಸುತ್ತ ನೋಡತೊಡಗಿದ ಮೇಲೆ ಬೆನ್ನಿನ ಗಾಯಕ್ಕೆ ಬನ್ನಿ. ರಕ್ತ ಇನ್ನೂ ಒಸರುತ್ತಿದ್ದರೆ ಮಾತ್ರ ಕಾಯಬೇಡಿ. ಸ್ವಚ್ಛ ಬಟ್ಟೆಯನ್ನು ಕೆಲವು ನಿಮಿಷ ಒತ್ತಿ ಹಿಡಿಯಿರಿ. ಒಂದು ಕಿಲೋ ತೂಗುವ ಮರಿಯ ಮೈಯಲ್ಲಿ ಇರುವ ರಕ್ತವೇ ಸುಮಾರು 70 ಮಿಲಿಲೀಟರ್, ಅದರಲ್ಲಿ ನಾಲ್ಕು ಚಮಚ ಹೋದರೂ ದೊಡ್ಡ ನಷ್ಟ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಎರಡು ಚಹಾ ಚಮಚಕ್ಕೆ ತುಸು ಕಡಿಮೆ ಉಪ್ಪು ಹಾಕಿ ಕರಗಿಸಿ. ಗಾಯದ ಸುತ್ತಲಿನ ಪುಕ್ಕವನ್ನು ಕೀಳಬೇಡಿ, ಕತ್ತರಿಯಿಂದ ಗಿಡ್ಡಗೆ ಕತ್ತರಿಸಿ. ಬಳಿಕ ಸೂಜಿ ತೆಗೆದ ಸಿರಿಂಜಿನಿಂದ ಈ ಉಪ್ಪುನೀರನ್ನು ಗಾಯದ ಮೇಲೆ ಓರೆಯಾಗಿ ಹಾಯಿಸಿ. ಮೊದಲು ಮಣ್ಣು, ಹೆಪ್ಪುಗಟ್ಟಿದ ರಕ್ತ, ಪುಕ್ಕದ ಚೂರು ಹರಿದುಬರುತ್ತವೆ. ಕೆಳಗೆ ಹಿಡಿದ ಬಟ್ಟೆಯ ಮೇಲೆ ಬೀಳುವ ನೀರು ತಿಳಿಯಾಗುವ ತನಕ ತೊಳೆಯುತ್ತಿರಿ. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ತೆಳು ಚಹಾದ ಬಣ್ಣ ಬರುವಷ್ಟು ಬೆರೆಸಿ ಒಮ್ಮೆ ಹಾಯಿಸಿದರೆ ಸಾಕು. ಸ್ಪಿರಿಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಅವು ಕ್ರಿಮಿಯ ಜೊತೆಗೆ ಹೊಸದಾಗಿ ಹುಟ್ಟುವ ಮಾಂಸವನ್ನೂ ಸುಡುತ್ತವೆ.

ಮುಲಾಮು ಕೇಳಿದ್ದೀರಿ. ಎಣ್ಣೆ ಅಥವಾ ಜಿಡ್ಡಿನ ಮುಲಾಮನ್ನು ಧಾರಾಳವಾಗಿ ಬಳಿದರೆ ಪುಕ್ಕ ಅಂಟಿಕೊಂಡು ಮೈಯ ಕಾವು ಸೋರಿಹೋಗುತ್ತದೆ. ನೋವು ಕಡಿಮೆ ಮಾಡುವ ಬೆಂಜೊಕೇನ್‌ನಂಥ ಮರಗಟ್ಟಿಸುವ ಔಷಧಿ ಬೆರೆತ ಮುಲಾಮು ಹಕ್ಕಿಗಳಿಗೆ ಅಪಾಯಕಾರಿ, ಆದ್ದರಿಂದ ಟ್ಯೂಬಿನ ಮೇಲಿನ ಅಕ್ಷರಗಳನ್ನು ಓದದೆ ಹಚ್ಚಬೇಡಿ. ಶುದ್ಧ ಜೇನುತುಪ್ಪ ಇದ್ದರೆ ತೆಳುವಾಗಿ ಸವರಿ, ಮೇಲೆ ಗಾಜ್ ಬಟ್ಟೆ ಮುಚ್ಚಿ, ದಿನವೂ ಬದಲಿಸಿ. ಅದು ಗಾಯವನ್ನು ಒಣಗಿ ಬಿರಿಯದಂತೆ ಇಡುತ್ತದೆ, ಕ್ರಿಮಿಗಳು ಬೆಳೆಯಲು ಬಿಡುವುದಿಲ್ಲ. ಮುಚ್ಚದೆ ಬಿಟ್ಟರೆ ನೊಣ ಮುತ್ತುತ್ತದೆ. ನೊಣದ ಬಗ್ಗೆ ನಾನು ಹಟ ಹಿಡಿದು ಹೇಳುತ್ತೇನೆ: ಬಿಸಿ ಹವೆಯಲ್ಲಿ ಗಾಯದ ಮೇಲಿಟ್ಟ ಮೊಟ್ಟೆ ಒಂದು ದಿನದೊಳಗೆ ಹುಳುವಾಗುತ್ತದೆ. ಪೆಟ್ಟಿಗೆಯ ಮೇಲೆ ಸೊಳ್ಳೆ ಪರದೆಯ ತುಂಡು ಹೊದಿಸಿ, ಗಾಯವನ್ನು ದಿನಕ್ಕೆ ಎರಡು ಸಲ ಬೆಳಕಿನಲ್ಲಿ ನೋಡಿ.

ಈಗ ಕಾಲು. ಎರಡೂ ಕಾಲುಗಳನ್ನು ಮೇಲಿನಿಂದ ಬೆರಳ ತುದಿಯವರೆಗೆ ಒಟ್ಟೊಟ್ಟಿಗೆ ಮುಟ್ಟಿ ಹೋಲಿಸಿ. ಎಲ್ಲೂ ಸೊಟ್ಟಗಾಗದೆ, ಬರೀ ಊದಿ ಬಿಸಿಯಾಗಿದ್ದರೆ ಉಳುಕಿರಬಹುದು, ವಿಶ್ರಾಂತಿಯೇ ಮದ್ದು. ಹಿಮ್ಮಡಿಯಂತೆ ಕಾಣುವ ಹಿಂದಿನ ಕೀಲಿನಿಂದ ಕೆಳಗೆ, ಹುರುಪೆಯಿರುವ ಭಾಗದಲ್ಲಿ ಮೂಳೆ ಮುರಿದು, ಚರ್ಮ ಹರಿಯದಿದ್ದರೆ ಮನೆಯಲ್ಲೇ ದಬ್ಬೆ ಕಟ್ಟಲು ಪ್ರಯತ್ನಿಸಬಹುದು. ಒಬ್ಬರು ಮರಿಯನ್ನು ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿ ಹಿಡಿಯಲಿ. ಎದೆಯನ್ನು ಅಮುಕಬಾರದು, ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರಾಟ ನಡೆಸುವ ಸ್ನಾಯು ಇಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಕಾಲನ್ನು ಮೆಲ್ಲಗೆ ನೇರಮಾಡಿ, ತೆಳುವಾಗಿ ಹತ್ತಿ ಸುತ್ತಿ, ಎರಡು ಬದಿಗೂ ಐಸ್‌ಕ್ರೀಮ್ ಕಡ್ಡಿ ಇಟ್ಟು, ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳು ಅಲುಗದಂತೆ ಪಟ್ಟಿ ಸುತ್ತಿ. ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜು ಒಂದು ಸುರುಳಿ ಕೊಂಡರೆ ಆ ಖರ್ಚು ದಂಡವಾಗುವುದಿಲ್ಲ, ಅದು ಪುಕ್ಕಕ್ಕೆ ಹಿಡಿಯುವುದಿಲ್ಲ. ಬೆರಳುಗಳು ಹೊರಗೆ ಕಾಣಲಿ. ಅವು ಊದಿದರೆ, ತಣ್ಣಗಾದರೆ, ಬಣ್ಣ ಬದಲಾದರೆ ಪಟ್ಟಿ ಬಿಗಿಯಾಗಿದೆ, ಕೂಡಲೇ ಬಿಚ್ಚಿ.

ಬಹಳ ಜನ ಗಮನಿಸದ ಸಂಗತಿ ಇಲ್ಲಿದೆ. ಐದು ವಾರದ ಟರ್ಕಿ ಮರಿ ಭರದಿಂದ ಬೆಳೆಯುವ ವಯಸ್ಸಿನದು. ಸೋಮವಾರ ಸರಿಯಾಗಿದ್ದ ಪಟ್ಟಿ ಶುಕ್ರವಾರದ ಹೊತ್ತಿಗೆ ಚರ್ಮವನ್ನು ಕೊರೆಯುತ್ತಿರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಬಿಚ್ಚಿ ಹೊಸದಾಗಿ ಕಟ್ಟಿ. ಹಕ್ಕಿಯ ಮೂಳೆ ಬೇಗ ಕೂಡಿಕೊಳ್ಳುತ್ತದೆ. ಎಲ್ಲ ಸರಿಹೋದರೆ ಎರಡರಿಂದ ಮೂರು ವಾರ ಸಾಕು.

ನೀರನ್ನು ಬಾಯಿಯೊಳಗೆ ಸುರಿಯಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಸುರಿದ ನೀರು ನೇರ ಅಲ್ಲಿಗೇ ಇಳಿಯಬಹುದು. ಕೊಕ್ಕಿನ ಪಕ್ಕದಲ್ಲಿ ಹನಿಹನಿಯಾಗಿ ತಾಗಿಸಿ, ಅದು ತಾನೇ ನುಂಗಲಿ. ಮೊದಲ ದಿನ ಓಆರ್‌ಎಸ್ ಬೆರೆಸಿದ ನೀರು ಕೊಡಬಹುದು. ಮೈ ತಣ್ಣಗಿರುವಾಗ ಮೇವು ತುರುಕಬೇಡಿ, ಜೀರ್ಣವಾಗುವುದಿಲ್ಲ. ಬೆಚ್ಚಗಾದ ಮೇಲೆ ಅದರ ಎಂದಿನ ಟರ್ಕಿ ಮರಿಯ ಆಹಾರವನ್ನೇ ತುಸು ನೀರಿನಲ್ಲಿ ನೆನೆಸಿ, ಹಿಸುಕಿದ ಬೇಯಿಸಿದ ಮೊಟ್ಟೆ ಬೆರೆಸಿ ಮುಂದಿಡಿ. ಈ ವಯಸ್ಸಿನ ಟರ್ಕಿಗೆ ಆಹಾರದಲ್ಲಿ ಶೇಕಡಾ 26ರಿಂದ 28ರಷ್ಟು ಪ್ರೋಟೀನ್ ಬೇಕು, ಬರೀ ಧಾನ್ಯದಿಂದ ಗಾಯ ಕೂಡುವುದಿಲ್ಲ. ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬೆಳೆಯುವ ಮರಿಯ ತೂಕ ಏರದೆ ನಿಂತರೂ ಅದು ಎಚ್ಚರಿಕೆಯೇ. ಹಿಕ್ಕೆ ಕಡಿಮೆಯಾಗಿ ಕಡು ಹಸಿರಾದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಎಂದು ತಿಳಿಯಿರಿ.

ಅರ್ಧ ಮಾತ್ರೆಯ ವಿಷಯ: ಕೊಡಬೇಡಿ. ಯಾವ ಔಷಧಿ, ಎಷ್ಟು, ಎಷ್ಟು ದಿನ ಎಂಬುದು ಮರಿಯ ತೂಕ ಮತ್ತು ಗಾಯದ ಸ್ವರೂಪದ ಮೇಲೆ ನಿಂತಿದೆ. ಅರೆಬರೆ ಕೊಟ್ಟರೆ ಕ್ರಿಮಿ ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ, ಔಷಧಿಯ ಶೇಷ ಮಾಂಸದಲ್ಲೂ ಉಳಿಯುತ್ತದೆ. ನೋವಿಗೆಂದು ಮನೆಯಲ್ಲಿರುವ ಮಾತ್ರೆಗಳನ್ನೂ ಕೊಡಬಾರದು. ನೀವು ಕೇಳಿದರೆ ಪಶುವೈದ್ಯರು ಹಕ್ಕಿಗೆ ಹೊಂದುವ ನೋವುಶಾಮಕವನ್ನು ತೂಕ ನೋಡಿ ಬರೆದುಕೊಡುತ್ತಾರೆ. ಮುರಿದ ಕಾಲಿನ ನೋವು ಸಣ್ಣದಲ್ಲ. ಹಣ ಸ್ವಲ್ಪವೇ ಇದ್ದರೂ ಇದನ್ನು ಕೇಳಿ ಎಂದೇ ನನ್ನ ಸಲಹೆ.

ಉಳಿಸಿದ ಹಣವನ್ನು ಹಿಂದೆಮುಂದೆ ನೋಡದೆ ತೆಗೆಯಬೇಕಾದ ಸಂದರ್ಭಗಳಿವೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಮುರಿತ ತೊಡೆಯಲ್ಲಿದ್ದರೆ, ಗಾಯ ನಾರುತ್ತಿದ್ದರೆ, ಹುಳು ಕಂಡರೆ, ಮರಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನಿಮ್ಮಲ್ಲಿ ಬಿದ್ದದ್ದು ಹಲಗೆ. ನಾಯಿ ಅಥವಾ ಬೆಕ್ಕಿನ ಹಲ್ಲು ತಾಗಿದ್ದರೆ ತೂತು ಸಾಸಿವೆಯಷ್ಟಿದ್ದರೂ ಅದೇ ದಿನ ಹೋಗಬೇಕಿತ್ತು. ಹೊರಡುವ ಮೊದಲು ಫೋನ್ ಮಾಡಿ, ಗಾಯದ ಚಿತ್ರ ಕಳುಹಿಸಬಹುದೇ ಎಂದು ಕೇಳಿ. "ನನ್ನ ಕೈಯಲ್ಲಿ ಇಷ್ಟೇ ಇದೆ, ಇದರಲ್ಲಿ ಏನು ಮಾಡಬಹುದು" ಎಂದು ನೇರವಾಗಿ ಹೇಳಿ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ; ಮಿತಿ ಗೊತ್ತಾದರೆ ವೈದ್ಯರೂ ಅದಕ್ಕೆ ತಕ್ಕಂತೆ ಯೋಚಿಸುತ್ತಾರೆ. ಗುಣವಾಗುವ ಆಸೆಯೇ ಇಲ್ಲವೆಂದು ಅವರು ಹೇಳಿದರೆ, ನೋವಿಲ್ಲದೆ ಕೊನೆಗಾಣಿಸಲು ಅವರನ್ನೇ ಕೇಳಿ. ದಿನಗಟ್ಟಲೆ ನರಳಲು ಬಿಡುವುದನ್ನು ಆರೈಕೆ ಎನ್ನಲಾಗದು.

ಮರಿ ಎರಡೂ ಕಾಲೂರಿ ನಡೆದು, ಬೆನ್ನಿನ ಮೇಲೆ ಹೊಸ ಪುಕ್ಕ ಮೂಡಿ ಚರ್ಮದ ಕೆಂಪು ಮರೆಯಾದ ಮೇಲೆ ಗುಂಪಿಗೆ ಬಿಡಿ. ಸಂಜೆ ಬೆಳಕು ಕುಂದುವ ಹೊತ್ತಿಗೆ ಬಿಟ್ಟರೆ ಜಗಳ ಕಡಿಮೆ. ಮೇವು, ನೀರಿನ ತಟ್ಟೆಗಳನ್ನು ಎರಡು ಕಡೆ ಇಡಿ. ಮರುದಿನ ಬೆಳಿಗ್ಗೆ ಅವು ಏಳುವ ಮೊದಲೇ ನೀವು ಅಲ್ಲಿರಿ, ಯಾವುದಾದರೂ ಮರಿ ಹಳೆಯ ಗಾಯದ ಜಾಗಕ್ಕೇ ಕೊಕ್ಕು ಹಾಕಿದರೆ ಕುಕ್ಕುವ ಮರಿಯನ್ನೇ ಕೆಲವು ದಿನ ಬೇರೆ ಇಡಿ.